ಮಲತ್ಯಾಜ್ಯದಿಂದ ನೀರು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ: ಸದಸ್ಯರು ತಿಳಿದಿರಬೇಕಾದ ಅಂಶಗಳು

2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಎರಡನೇ ಹಂತವು ಮಲತ್ಯಾಜ್ಯದ ಸುರಕ್ಷಿತ ನಿರ್ವಹಣೆಯನ್ನೂ ಒಳಗೊಂಡಿದೆ. ಸೆಪ್ಟಿಕ್ ಟ್ಯಾಂಕಿನಿಂದ ಹೀರಿ ತಂದ ತ್ಯಾಜ್ಯವನ್ನು ಹಳ್ಳಕ್ಕೋ ಕಾಲುವೆಗೋ ಸುರಿದರೆ, ಹೊಸಪೇಟೆ, ಹಂಪಿ, ಕಂಪ್ಲಿ ಭಾಗದ ಜನರು ಬಳಸುವ ತುಂಗಭದ್ರೆಯ ನೀರೇ ಮಲಿನಗೊಳ್ಳುತ್ತದೆ. ಆದ್ದರಿಂದ ಸಂಸ್ಕರಣಾ ವಿಧಾನವನ್ನು ಆಯ್ಕೆ ಮಾಡುವ ಮುನ್ನ ಅದರ ಕಾರ್ಯವನ್ನು ಅರಿಯುವುದು ಅವಶ್ಯಕ.

ಮಲತ್ಯಾಜ್ಯದ ಬಹುಪಾಲು ನೀರೇ ಆಗಿರುತ್ತದೆ. ಸೆಂಟ್ರಿಫ್ಯೂಜ್ ಯಂತ್ರದ ಉರುಳೆಯು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಭಾರವಾದ ಘನಕಣಗಳು ಅದರ ಗೋಡೆಗೆ ಒತ್ತಲ್ಪಡುತ್ತವೆ. ಒಳಗಿನ ಸುರುಳಿಯು ಅವುಗಳನ್ನು ಒಂದು ತುದಿಗೆ ದೂಡುತ್ತದೆ. ನೀರು ಇನ್ನೊಂದು ತುದಿಯಿಂದ ಹೊರಬರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವುದೂ ಇದೇ ತತ್ವದಿಂದ.

ಈ ಯಂತ್ರಕ್ಕೆ ಕಡಿಮೆ ಜಾಗ ಸಾಕು. ಮಳೆಗಾಲದಲ್ಲಿಯೂ ಕೆಲಸ ನಿಲ್ಲದು. ಆದರೆ ಅದು ರೋಗಾಣುಗಳನ್ನು ನಾಶಪಡಿಸುವುದಿಲ್ಲ. ಹೊರಬಂದ ನೀರಿಗೂ ಘನಕ್ಕೂ ಮುಂದಿನ ಸಂಸ್ಕರಣೆ ಆಗಲೇಬೇಕು. ಘನವನ್ನು ನೇರವಾಗಿ ಹೊಲಕ್ಕೆ ಹಾಕತಕ್ಕದ್ದಲ್ಲ. ವಿದ್ಯುತ್, ಕಣಗಳನ್ನು ಒಗ್ಗೂಡಿಸುವ ರಾಸಾಯನಿಕ, ತರಬೇತಿ ಪಡೆದ ನಿರ್ವಾಹಕ, ಬಿಡಿಭಾಗಗಳು ಇವುಗಳ ವೆಚ್ಚವು ಪ್ರತಿ ವರ್ಷವೂ ಇರುತ್ತದೆ.

ಇದಕ್ಕೆ ಪರ್ಯಾಯವೂ ಇದೆ. 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ಘಟಕವು ಗುರುತ್ವದ ಹರಿವು ಹಾಗೂ ಒಣಗಿಸುವ ಹಾಸುಗಳನ್ನು ಆಧರಿಸಿದೆ. ಈ ಭಾಗದ ದೀರ್ಘ ಬಿಸಿಲುಗಾಲವು ಅಂತಹ ಹಾಸುಗಳಿಗೆ ಅನುಕೂಲಕರ. ಜಾಗ ಮಾತ್ರ ಹೆಚ್ಚು ಬೇಕು.

ಯಂತ್ರಕ್ಕೆ ಒಪ್ಪಿಗೆ ನೀಡುವ ಮುನ್ನ ಸಾಮಾನ್ಯ ಸಭೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದು ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ: ದಿನಕ್ಕೆ ಎಷ್ಟು ತ್ಯಾಜ್ಯ ಬರುತ್ತದೆ? ವಾರ್ಷಿಕ ನಿರ್ವಹಣಾ ವೆಚ್ಚವನ್ನು ಯಾರು ಭರಿಸುತ್ತಾರೆ? ಬೇರ್ಪಟ್ಟ ನೀರು ಮತ್ತು ಘನ ಎಲ್ಲಿಗೆ ಹೋಗುತ್ತವೆ?