ಎರವಲು ಕವಚದ ವೈರಸ್

2000ರ ದಶಕದಲ್ಲಿ ರಾಜ್ಯದಲ್ಲಿ ಎಚ್‌ಐವಿ ಸೋಂಕು ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ವಿಜಯಪುರ, ಬಾಗಲಕೋಟೆಗಳೂ ಸೇರಿದ್ದವು. ಇಲ್ಲಿನ ಶಾಲೆಗಳಿಗೆ ಏಡ್ಸ್ ಕುರಿತ ಪಾಠ ಹೊಸದಲ್ಲ. ಆ ಪಾಠದ ನಡುವೆ ಎರಡು ಪ್ರಶ್ನೆಗಳು ಏಳಬಹುದು. ಎಚ್‌ಐವಿ ಕೆಲವು ಬಿಳಿ ರಕ್ತಕಣಗಳನ್ನೇ ಏಕೆ ಹೊಗುತ್ತದೆ? ಜೊತೆಗೆ ಇನ್ನೊಂದು ರೆಟ್ರೊವೈರಸ್ ಇದ್ದರೆ ಬೇರೆ ಕೋಶಗಳನ್ನೂ ಹೊಗಬಲ್ಲುದೇ?

ರೆಟ್ರೊವೈರಸ್ಸಿನ ಒಳಗೆ ಆರ್‌ಎನ್‌ಎ ಇದೆ. ಹೊರಗೆ ಪ್ರೋಟೀನಿನ ಮುಳ್ಳುಗಳುಳ್ಳ ಮೇದಸ್ಸಿನ ಕವಚವಿದೆ. ಮುಳ್ಳು ಬೀಗದ ಕೈಯಂತೆ. ಕೋಶದ ಮೇಲಿನ ಗ್ರಾಹಕ ಬೀಗದಂತೆ. ಎಚ್‌ಐವಿಗೆ ಬೇಕಾದ ಗ್ರಾಹಕ ಸಿಡಿ4. ಅದರೊಡನೆ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಎಂಬ ಸಹಗ್ರಾಹಕವೂ ಬೇಕು. 1980ರಲ್ಲಿ ವರದಿಯಾದ ಎಚ್‌ಟಿಎಲ್‌ವಿ-1 ಎಂಬ ಮಾನವ ರೆಟ್ರೊವೈರಸ್ ಬಳಸುವ ಗ್ರಾಹಕಗಳಲ್ಲಿ ಒಂದು, ಗ್ಲೂಕೋಸನ್ನು ಒಳಗೊಯ್ಯುವ ಗ್ಲುಟ್1. ಇದು ಬಹುತೇಕ ಎಲ್ಲ ಕೋಶಗಳಲ್ಲೂ ಇದೆ.

ಒಂದು ಕೋಶವನ್ನು ಹೊಕ್ಕ ಎಚ್‌ಐವಿ, ಅದರ ಮೇಲ್ಮೈಯಿಂದ ಸಿಡಿ4 ಅಣುಗಳನ್ನು ತೆಗೆಸುತ್ತದೆ. ಹೀಗಾಗಿ ಇನ್ನೊಂದು ಎಚ್‌ಐವಿಗೆ ಅಲ್ಲಿ ಪ್ರವೇಶ ಕಷ್ಟ. ಆದರೆ ಎಚ್‌ಟಿಎಲ್‌ವಿಯ ಬಾಗಿಲು ತೆರೆದೇ ಇರುತ್ತದೆ. ಎರಡೂ ಒಳಸೇರಿದರೆ ಎರಡರ ಪ್ರೋಟೀನುಗಳೂ ಅಲ್ಲೇ ತಯಾರಾಗುತ್ತವೆ. ಹೊಸ ಎಚ್‌ಐವಿ ಕಣ ಕೋಶಪೊರೆಯನ್ನು ಹೊದ್ದು ಹೊರಬರುವಾಗ ಎಚ್‌ಟಿಎಲ್‌ವಿಯ ಮುಳ್ಳುಗಳನ್ನೂ ತೊಟ್ಟುಕೊಳ್ಳಬಹುದು. ಇಂಥ ಕಣವೇ ಸೂಡೊಟೈಪ್, ಅಂದರೆ ಹುಸಿರೂಪಿ. ಇದು ಸಿಡಿ4 ಇಲ್ಲದ ಕೋಶವನ್ನೂ ಹೊಗಬಲ್ಲದೆಂದು 1991ರಲ್ಲಿ ಅಮೆರಿಕದ ಲ್ಯಾಂಡೌ, ಪೇಜ್ ಮತ್ತು ಲಿಟ್‌ಮನ್ ಪ್ರಯೋಗಶಾಲೆಯಲ್ಲಿ ತೋರಿಸಿದರು.

ಹಾಗಾದರೆ ಎಚ್‌ಐವಿಯ ಸ್ವಭಾವವೇ ಬದಲಾಯಿತೇ? ಇಲ್ಲ. ಕವಚ ಎರವಲು, ಆರ್‌ಎನ್‌ಎ ಮಾತ್ರ ಸ್ವಂತದ್ದು. ಹೊಸ ಕೋಶದಲ್ಲಿ ಆ ಆರ್‌ಎನ್‌ಎ ಡಿಎನ್‌ಎ ಆಗಿ ಪರಿವರ್ತನೆಗೊಂಡು ವರ್ಣತಂತುವಿಗೆ ಸೇರುತ್ತದೆ. ಅಲ್ಲಿ ಎಚ್‌ಟಿಎಲ್‌ವಿ ಇಲ್ಲದಿದ್ದರೆ ಮುಂದೆ ಹುಟ್ಟುವ ಕಣಗಳಿಗೆ ಎಚ್‌ಐವಿಯ ಮುಳ್ಳುಗಳೇ ಇರುತ್ತವೆ. ಅವು ಮತ್ತೆ ಸಿಡಿ4 ಅನ್ನೇ ಅರಸಬೇಕು. ವಿಸ್ತರಿಸಿದ ಪ್ರವೇಶ ಒಂದೇ ತಲೆಮಾರಿನದು. ಎಚ್‌ಐವಿಯ ಎರಡು ಉಪವಿಧಗಳು ಒಂದೇ ಕೋಶದಲ್ಲಿ ಕೂಡಿ ಆರ್‌ಎನ್‌ಎ ತುಣುಕುಗಳನ್ನು ಬೆರೆಸಿಕೊಳ್ಳುವುದು ಬೇರೆಯೇ ವಿಷಯ. ಆ ಬೆರಕೆ ಪೀಳಿಗೆಗೆ ಸಾಗುತ್ತದೆ.

ಇದನ್ನು ತಿಳಿಯದೆ ಭಯಪಡುವುದು ಸಲ್ಲದು. ಹುಸಿರೂಪಿ ಕಣಗಳಿಂದ ಎಚ್‌ಐವಿ ಸ್ಪರ್ಶದಿಂದಲೋ ಸೊಳ್ಳೆಯಿಂದಲೋ ಹರಡುವ ರೋಗವಾಗುವುದಿಲ್ಲ. ಸೋಂಕಿತ ಸಹಪಾಠಿಯ ಪಕ್ಕ ಕೂರಲು ಅಂಜಬೇಕಿಲ್ಲ.

ಇದೇ ತತ್ತ್ವ ಈಗ ಚಿಕಿತ್ಸೆಗೂ ಒದಗಿದೆ. ಎಚ್‌ಐವಿಯ ಹಾನಿಕಾರಕ ಜೀನುಗಳನ್ನು ತೆಗೆದು, ಬೇರೆ ವೈರಸ್ಸಿನ ಕವಚ ತೊಡಿಸಿ, ಬೇಕಾದ ಜೀನನ್ನು ಕೋಶಕ್ಕೆ ಸಾಗಿಸುವ ವಾಹಕಗಳಿವೆ. 2023ರಲ್ಲಿ ಭಾರತದಲ್ಲಿ ಅನುಮತಿ ಪಡೆದ, ರಕ್ತದ ಕ್ಯಾನ್ಸರಿನ ಸಿಎಆರ್-ಟಿ ಚಿಕಿತ್ಸೆಯಲ್ಲೂ ಇಂಥ ಲೆಂಟಿವೈರಸ್ ವಾಹಕದ ಬಳಕೆಯಿದೆ.

ತರಗತಿಯಲ್ಲಿ ಎರಡು ಬಣ್ಣದ ಸೀಮೆಸುಣ್ಣ ಸಾಕು. ಆರ್‌ಎನ್‌ಎಗೆ ಕೆಂಪು, ಎರವಲು ಕವಚಕ್ಕೆ ಹಸಿರು ಬಳಸಿ ಹುಸಿರೂಪಿ ಕಣವೊಂದನ್ನು ಬರೆಯಿರಿ. ಅದರ ಮರಿಕಣದ ಕವಚ ಯಾವ ಬಣ್ಣದ್ದೆಂದು ವಿದ್ಯಾರ್ಥಿಗಳನ್ನೇ ಕೇಳಿ.