ಇಳಕಲ್ ಸೆರಗಿನ ಕೆಂಪು ತೋರಿಸುವ ಪರದೆ

ಹುಬ್ಬಳ್ಳಿಯಲ್ಲಿ ಫೋಟೋ ಎಡಿಟಿಂಗಿಗೆ ಲ್ಯಾಪ್‌ಟಾಪ್ ಕೊಳ್ಳುವವರು ಮೊದಲು ಹೋಗಬೇಕಾದದ್ದು ಲ್ಯಾಪ್‌ಟಾಪ್ ಅಂಗಡಿಗಲ್ಲ, ಆಲ್ಬಮ್ ಲ್ಯಾಬಿಗೆ. ಕೊಪ್ಪಿಕರ್ ರಸ್ತೆಯ ಬೆನ್ನಿಗಿರುವ ಓಣಿಯೊಂದರಲ್ಲಿ, ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವ ಅಂಥದೊಂದು ಲ್ಯಾಬಿನಲ್ಲಿ ಯಂತ್ರ ಸುಮ್ಮನೆ ಕೂತಿತ್ತು. ಆಷಾಢ. ಲಗ್ನಗಳಿಲ್ಲ. ಫೋಟೋಗ್ರಾಫರುಗಳು ಕ್ಯಾಮೆರಾ ರಿಪೇರಿಗೆ ಕೊಡುವುದು, ಲ್ಯಾಬಿನ ಹಳೆಯ ಬಾಕಿ ಚುಕ್ತಾ ಮಾಡುವುದು, ಹೊಸ ಸಾಮಾನು ನೋಡಿಕೊಂಡು ಹೋಗುವುದು ಈ ತಿಂಗಳಲ್ಲೇ.

ನನ್ನ ಜೊತೆಗಿದ್ದವನು ಕುಂದಗೋಳ ತಾಲ್ಲೂಕಿನ ಹಳ್ಳಿಯೊಂದರ ಹುಡುಗ. ಲಗ್ನ, ಕುಬಸ, ವಾಸ್ತುಶಾಂತಿ, ಸುತ್ತಲಿನ ಊರುಗಳ ಜಾತ್ರೆ, ಎಲ್ಲ ತೆಗೆಯುತ್ತಾನೆ. ಆಲ್ಬಮ್ ವಿನ್ಯಾಸವನ್ನು ಇಲ್ಲಿಯತನಕ ಹುಬ್ಬಳ್ಳಿಯ ಡಿಸೈನರೊಬ್ಬರಿಗೆ ಒಪ್ಪಿಸುತ್ತಿದ್ದ. ಆ ದುಡ್ಡು ತನ್ನಲ್ಲೇ ಉಳಿಯಲಿ ಎಂದು ಈಗ ಲ್ಯಾಪ್‌ಟಾಪಿನ ಆಸೆ. ಕೈಯಲ್ಲಿರುವುದು ಅರವತ್ತು ಸಾವಿರ. ಅದರಲ್ಲೂ ಇಪ್ಪತ್ತು ಸೋದರಮಾವನ ಕೈಗಡ.

ಲ್ಯಾಬಿನ ಹಿರಿಯರು ಎರಡು ಹಾಳೆಗಳನ್ನು ಟೇಬಲ್ಲಿನ ಮೇಲೆ ಹಾಸಿದರು. ಎರಡರಲ್ಲೂ ಅದೇ ಮದುಮಗಳು, ಅದೇ ಇಳಕಲ್ ಸೀರೆ. ಒಂದರಲ್ಲಿ ಟೋಪ ತೆನಿ ಸೆರಗಿನ ಕೆಂಪಿನ ನಡುವೆ ಬಿಳಿಯ ತೆನೆಗಳು ಎಣಿಸುವಷ್ಟು ಸ್ಪಷ್ಟ. ಇನ್ನೊಂದರಲ್ಲಿ ಸೆರಗಿಗೆ ಸೆರಗೇ ಉರಿಗೆಂಪಿನ ಮುದ್ದೆ, ನೇಯ್ಗೆಯ ಸುಳಿವೇ ಇಲ್ಲ.

"ಎರಡೂ ನಮ್ಮ ಮಷಿನ್ನಿಂದನ ಬಂದಾವ್ರಿ. ಪೇಪರೂ ಅದ, ಮಷಿನ್ನೂ ಅದ. ಫೈಲ್ ಅಷ್ಟ ಬ್ಯಾರೆ," ಎಂದರು.

ಅಗ್ಗದ ಲ್ಯಾಪ್‌ಟಾಪಿನ ಪರದೆಗೆ ಕಡುಗೆಂಪು, ಅರಿಷಿಣದ ಹಳದಿಗಳನ್ನು ಪೂರ್ತಿ ತೋರಿಸುವ ತ್ರಾಣ ಇರುವುದಿಲ್ಲ. ಕೆಂಪು ಅಲ್ಲಿ ಮಂಕಾಗಿ ಕಾಣುತ್ತದೆ. ಕೆಲಸ ಮಾಡುವವನು ತನ್ನ ಕಣ್ಣಿಗೆ ಸರಿ ಎನಿಸುವತನಕ ಸ್ಯಾಚುರೇಶನ್ ಏರಿಸುತ್ತಾನೆ. ಫೈಲಿನಲ್ಲಿ ಮೊದಲೇ ಸಾಕಷ್ಟಿದ್ದ ಕೆಂಪು ಆಗ ಮಿತಿ ದಾಟುತ್ತದೆ, ಸೂಕ್ಷ್ಮವೆಲ್ಲ ಅಳಿಸಿಹೋಗುತ್ತದೆ. ಪರದೆಯ ಮೇಲೆ ಗೊತ್ತಾಗದ ಈ ಅನಾಹುತ ಮುದ್ರಣದಲ್ಲಿ ಬಯಲಾಗುತ್ತದೆ. ನಮ್ಮ ಕಡೆಯ ಸಮಾರಂಭಗಳಲ್ಲಿ ಇರುವುದೆಲ್ಲ ಇಂಥ ಬಣ್ಣಗಳೇ: ಇಳಕಲ್, ಅರಿಷಿಣ, ಕುಂಕುಮ, ಜಾತ್ರೆಯ ಭಂಡಾರ. ಪರದೆಯ ದೌರ್ಬಲ್ಯ ಎಲ್ಲಿ ಹೆಚ್ಚು ಕಾಡುತ್ತದೋ ಅಲ್ಲಿಯೇ ಇವನ ದುಡಿಮೆ.

ಸರಿಯಾಗಿ ಬಂದ ಹಾಳೆಯನ್ನೂ ಅದರ ಫೈಲನ್ನೂ ಕೇಳಿ ಪಡೆದೆವು. ಪೆನ್‌ಡ್ರೈವಿನಲ್ಲಿ ಅದರ ಜೊತೆ ಹುಡುಗನೇ ತೆಗೆದ ಕಸೂತಿಯ ಹತ್ತಿರದ ಚಿತ್ರ, ಬಿಳಿ ಧೋತರ ಉಟ್ಟ ಅಜ್ಜ, ರಾತ್ರಿಯ ಮೆರವಣಿಗೆ. ಇವಿಷ್ಟೇ ನಮ್ಮ ಪರೀಕ್ಷೆಯ ಸಾಮಗ್ರಿ.

ಕೊಪ್ಪಿಕರ್ ರಸ್ತೆಯಲ್ಲಿ ಜಿಟಿಜಿಟಿ ಮಳೆ. ಚೆನ್ನಮ್ಮ ವೃತ್ತದ ಮೇಲ್ಸೇತುವೆ ಕೆಲಸದ ಕೆಸರು ಗಾಡಿಗಳ ಗಾಲಿಗೆ ಅಂಟಿ ಇಲ್ಲಿಯವರೆಗೂ ಬಂದಿತ್ತು. ಬಟ್ಟೆ, ಮೊಬೈಲು, ಚಪ್ಪಲಿ ಅಂಗಡಿಗಳ ನಡುವೆ ಗಾಜಿನ ಬಾಗಿಲಿನ ಒಂದು ಷೋರೂಮು. ಒಳಗೆ ಹೋದೊಡನೆ ಬಂದ ಪ್ರಶ್ನೆ: "ಏನ್ ಕೆಲಸಕ್ಕ ಬೇಕ್ರಿ?" ಫೋಟೋ ಎಡಿಟಿಂಗಿಗೆ ಎಂದದ್ದೇ ತಡ, ಮಾರಾಟದ ಹುಡುಗ ನಮ್ಮನ್ನು ಕೆಂಪು-ಹಸಿರು ಕೀಬೋರ್ಡ್ ಮಿನುಗುವ ಗೇಮಿಂಗ್ ಯಂತ್ರಗಳತ್ತ ಕರೆದೊಯ್ದ. "ಗ್ರಾಫಿಕ್ಸ್ ಕಾರ್ಡ್ ಐತ್ರಿ ಅಣ್ಣಾರ, ಏನ್ ಬೇಕಾದ್ರೂ ಓಡತೈತಿ."

ಓಡುತ್ತದೆ, ಸುಳ್ಳಲ್ಲ. ಆದರೆ ನಾವು ತಂದಿದ್ದ ಫೈಲನ್ನು ತೆರೆದು, ಪಕ್ಕದಲ್ಲಿ ಹಾಳೆ ಹಿಡಿದಾಗ ಸೆರಗು ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆಯ ಮೇಲಿನ ಪೂರ್ತಿ ಮಾದರಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡಿದೆ. ಉತ್ತರ ಅಲ್ಲಿತ್ತು: 45% ಎನ್‌ಟಿಎಸ್‌ಸಿ, ಹೊಳಪು 250 ನಿಟ್ಸ್. ಎನ್‌ಟಿಎಸ್‌ಸಿ ಎಂಬುದು ಹಳೆಯ ಟಿವಿ ಕಾಲದ ಬಣ್ಣದ ಅಳತೆ. ಇಂದಿನ ಲ್ಯಾಬುಗಳು ಸಾಮಾನ್ಯವಾಗಿ ಕೇಳುವ ಎಸ್‌ಆರ್‌ಜಿಬಿ ಬಣ್ಣವಲಯ ಅದರ ಸುಮಾರು 72%. ಲೆಕ್ಕ ಹಾಕಿದರೆ 45% ಎಂದು ಬರೆದ ಪರದೆ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವುದಿಲ್ಲ. '72% ಎನ್‌ಟಿಎಸ್‌ಸಿ' ಅಥವಾ '100% ಎಸ್‌ಆರ್‌ಜಿಬಿ' ಎಂದಿದ್ದರೆ ಮಾತ್ರ ಮುಂದಿನ ಮಾತು. ಅಂಗಡಿಯ ಚೀಟಿಯಲ್ಲಿ ಇದು ಇರುವುದೇ ಇಲ್ಲ. ಅಲ್ಲಿ 'ಫುಲ್ ಎಚ್‌ಡಿ ಐಪಿಎಸ್' ಎಂದಷ್ಟೇ ಇರುತ್ತದೆ. ಐಪಿಎಸ್ ಎಂದರೆ ಪಕ್ಕದಿಂದ ನೋಡಿದರೂ ಬಣ್ಣ ಕೆಡದು ಎಂದರ್ಥ, ಬಣ್ಣ ಪೂರ್ತಿ ಇದೆ ಎಂದಲ್ಲ. ಒಂದೇ ಹೆಸರಿನ ಲ್ಯಾಪ್‌ಟಾಪು ಬೇರೆ ಬೇರೆ ಪರದೆಗಳೊಂದಿಗೆ ಬರುವುದೂ ಉಂಟು. ಅದಕ್ಕೇ ಮಾದರಿಯ ಹೆಸರು ಸಾಲದು, ಪೆಟ್ಟಿಗೆಯ ಮೇಲಿನ ಉದ್ದನೆಯ ಸಂಖ್ಯೆಯೇ ಬೇಕು.

ಗ್ರಾಫಿಕ್ಸ್ ಕಾರ್ಡು ಬೇಡವೇ ಎಂದು ನಮ್ಮ ಹುಡುಗ ಕೇಳಿದ. ಲೈಟ್‌ರೂಮಿನಲ್ಲಿ 2023ರಲ್ಲಿ ಬಂದ ಎಐ ಡಿನಾಯ್ಸ್ ಸೌಲಭ್ಯವನ್ನು ದಿನವೂ ಬಳಸುವವರಿಗೆ ಬೇಕು. ಕಾರ್ಡಿಲ್ಲದೆ ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಾಯಬೇಕಾಗುತ್ತದೆ. ವಿಡಿಯೊ ಮಾಡುವವರಿಗೂ ಬೇಕು. ಬಣ್ಣ ತಿದ್ದಿ, ಕತ್ತರಿಸಿ, ಆಲ್ಬಮ್ ಕೂಡಿಸುವವನಿಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಕು. ಅರವತ್ತು ಸಾವಿರದಲ್ಲಿ ಕಾರ್ಡಿಗೆ ದುಡ್ಡು ಸುರಿದರೆ ಪರದೆಯೋ ರ‍್ಯಾಮೋ ಯಾವುದಾದರೊಂದು ಬಡವಾಗುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ರ‍್ಯಾಮಿನ ವಿಷಯದಲ್ಲಿ ಚೌಕಾಸಿಯೇ ನಡೆಯದು. ಇಲ್ಲಿ ಬಹಳ ಓಡುವ ಕರಿಜ್ಮಾ ಆಲ್ಬಮಿನ ಹಾಳೆ 12×36 ಇಂಚು. ಇಂಚಿಗೆ 300 ಚುಕ್ಕಿಯಂತೆ ಹಿಡಿದರೆ 10,800 × 3,600, ಅಂದರೆ ಹೆಚ್ಚುಕಡಿಮೆ 3 ಕೋಟಿ 89 ಲಕ್ಷ ಪಿಕ್ಸೆಲ್. ಫೋಟೋಶಾಪಿನಲ್ಲಿ ಪೂರ್ತಿ ತುಂಬಿದ ಒಂದೇ ಲೇಯರಿಗೆ ಸುಮಾರು 116 ಎಂಬಿ. ಹೂವಿನ ಹಿನ್ನೆಲೆ, ಚೌಕಟ್ಟು, ದಂಪತಿಯ ನಾಲ್ಕಾರು ಚಿತ್ರ, ಹೆಸರು ಎಂದು ಹತ್ತು ಲೇಯರ್ ಆಗುವುದರಲ್ಲಿ ಒಂದು ಜಿಬಿ ದಾಟಿರುತ್ತದೆ. ಅದರ ಮೇಲೆ ಹಿಂದಕ್ಕೆ ಹೋಗಲು ಫೋಟೋಶಾಪ್ ಇಟ್ಟುಕೊಳ್ಳುವ ಲೆಕ್ಕ, ಪಕ್ಕದಲ್ಲಿ ಲೈಟ್‌ರೂಮು, ಹುಡುಗಿ ಕಡೆಯವರು ಫೋಟೋ ಕಳಿಸುವ ವಾಟ್ಸ್‌ಆ್ಯಪ್. 8 ಜಿಬಿ ಇದಕ್ಕೆಲ್ಲ ಸಾಲದು. ಫೋಟೋಶಾಪಿಗೆ ಅಡೋಬಿ ಹೇಳುವ ಕನಿಷ್ಠ 8, ಶಿಫಾರಸು 16. ಹುಡುಗನಿಗೆ ಹದಿನಾರೇ ಬೇಕು.

"ಈಗ ಎಂಟು ತೊಗೊಂಡು ಆಮ್ಯಾಲೆ ಹಾಕಿಸ್ಕೋರಿ," ಎಂಬುದು ಎಲ್ಲ ಅಂಗಡಿಗಳ ಸಲಹೆ. ಎರಡು ವರ್ಷದ ಹಿಂದಾದರೆ ಒಪ್ಪಬಹುದಿತ್ತು. 2025ರ ಕೊನೆಯಿಂದ, ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಸಿಕ್ಕಿ, ರ‍್ಯಾಮ್ ಬೆಲೆ ಏರುತ್ತ ಹೋಗಿದೆ. ಆಮೇಲೆ ಎಂಬುದು ಈಗ ದುಬಾರಿ. ಅದೂ ಅಲ್ಲದೆ, ತೆಳ್ಳನೆಯ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮು ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಸೇರಿಸಲು ಜಾಗವೇ ಇರುವುದಿಲ್ಲ. ಪ್ರದರ್ಶನದ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಎಂದು ನೋಡಿಕೊಳ್ಳಬಹುದು. ಮಾರುವ ಹುಡುಗನಿಗೆ ಇದು ಹೊಸತು. ಅವನೂ ಬಗ್ಗಿ ನೋಡಿದ.

ಪ್ರೊಸೆಸರಿನ ಹೆಸರಿನಲ್ಲೂ ಒಂದು ಗುಂಡಿ ಇದೆ. ಎಎಂಡಿಯ ರೈಜನ್ 5 7520ಯು ಎಂಬುದು ಸಂಖ್ಯೆ ನೋಡಿದರೆ ಹೊಸದು, ಒಳಗಿರುವುದು ಹಳೆಯ ಝೆನ್ 2 ಕೋರು, ರ‍್ಯಾಮೂ ಬೆಸುಗೆಯದೇ. 7530ಯು ಎಂದರೆ ಝೆನ್ 3, ಆರು ಕೋರು. ನಡುವಿನ ಆ ಒಂದು ಅಂಕಿಯ ಮೇಲೆ ಆಲ್ಬಮ್ ಎಷ್ಟು ಹೊತ್ತಿಗೆ ಸೇವ್ ಆಗುತ್ತದೆ ಎಂಬುದು ನಿಂತಿದೆ. ಇಂಟೆಲ್ಲಿನಲ್ಲಿ 12ನೇ ತಲೆಮಾರಿನ ಐ5ರಿಂದ ಮುಂದಿನದು ಯಾವುದಾದರೂ ನಡೆಯುತ್ತದೆ. ಐ7 ಎಂಬ ಅಂಟುಚೀಟಿಗೆ ಎಂಟು-ಹತ್ತು ಸಾವಿರ ಹೆಚ್ಚು ಕೊಡುವುದು ಬೀಗರಿಗೆ ತೋರಿಸಲು ಮಾತ್ರ.

ಚಹಾ ಕುಡಿದು ಹಳೆಯ ಲ್ಯಾಪ್‌ಟಾಪುಗಳ ಅಂಗಡಿಯೊಂದಕ್ಕೆ ಹೋದೆವು. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡು, ಲ್ಯಾಟಿಟ್ಯೂಡು, ಎಲೈಟ್‌ಬುಕ್ಕುಗಳ ಗೋಡೆ. ಗಟ್ಟಿಮುಟ್ಟಾದ ಯಂತ್ರಗಳು, ನನಗೆ ಇವುಗಳ ಮೇಲೆ ಮೊದಲಿನಿಂದಲೂ ಪ್ರೀತಿ. 2018ರ ಥಿಂಕ್‌ಪ್ಯಾಡ್ ಟಿ480ರಲ್ಲಿ ರ‍್ಯಾಮಿಗೆ ಎರಡು ಸ್ಲಾಟಿವೆ, ತಿರುಪು ಬಿಚ್ಚಿ ಏನನ್ನಾದರೂ ಬದಲಿಸಬಹುದು. ಆದರೆ ಇವು ಎಕ್ಸೆಲ್ ಹಾಳೆ ನೋಡಲು ಮಾಡಿದವು. ಹೆಚ್ಚಿನವುಗಳ ಪರದೆಯಲ್ಲಿ ನಮ್ಮ ಸೆರಗು ಪೂರಾ ಸೋತಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ಲಿನ 8ನೇ ತಲೆಮಾರಾದರೂ ಬೇಕು. ಅದಕ್ಕೂ ಹಿಂದಿನವುಗಳಲ್ಲಿ ಅಡ್ಡದಾರಿಯಿಂದ ಹನ್ನೊಂದನ್ನು ಕೂರಿಸಿ ಮಾರುವವರಿದ್ದಾರೆ. "ಫೋಟೋಶಾಪ್, ನುಡಿ ಎಲ್ಲಾ ಹಾಕಿ ಕೊಡ್ತೀವ್ರಿ," ಎಂಬ ಉದಾರ ಮಾತೂ ಅಲ್ಲಿ ಕೇಳಿಬಂತು. ಕದ್ದ ಫೋಟೋಶಾಪಿನ ಜೊತೆ ವೈರಸ್ಸೂ ಬಂದು, ಒಂದು ಸೀಜನ್ನಿನ ಲಗ್ನಗಳಿಗೆಲ್ಲ ಬೀಗ ಹಾಕಿ ಕೂತರೆ ಯಾರ ಮನೆಗೆ ಹೋಗಿ ಏನೆಂದು ಹೇಳುವುದು? ಫೋಟೋಶಾಪಿನ ಬಾಡಿಗೆ ಕಟ್ಟಲಾಗದವರಿಗೆ ಡಾರ್ಕ್‌ಟೇಬಲ್, ಜಿಂಪ್ ಪುಕ್ಕಟೆ ಇವೆ. ಕಲಿಯಲು ಒಂದು ಆಷಾಢ ಸಾಕು.

ಅಲ್ಲಿಂದ ಚಿಗರಿ ಬಸ್ಸು ಹಿಡಿದು ವಿದ್ಯಾನಗರ. 1947ರಲ್ಲಿ ಶುರುವಾದ ಬಿ.ವಿ. ಭೂಮರಡ್ಡಿ ಕಾಲೇಜು, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಇಲ್ಲಿಯೇ ಇರುವುದರಿಂದ ಈ ಭಾಗದ ಅಂಗಡಿಗಳ ಗಿರಾಕಿ ಎಂಜಿನಿಯರಿಂಗ್ ಹುಡುಗರು. ಹಗಲು ಕೋಡಿಂಗ್, ರಾತ್ರಿ ಗೇಮು. ಊರಿನ ದಾಸ್ತಾನು ಯಾಕೆ ಗೇಮಿಂಗ್ ಕಡೆಗೇ ವಾಲಿದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇಲ್ಲಿನ ಅಂಗಡಿಯೊಂದರಲ್ಲಿ ಓಎಲ್‌ಇಡಿ ಪರದೆಯ ಒಂದು ಆಸುಸ್ ವಿವೊಬುಕ್ ನೋಡಿದೆವು. ಪರದೆ ಹೊತ್ತಿದೊಡನೆ ಹುಡುಗ "ಯಪ್ಪಾ!" ಎಂದ. ಕೆಂಪು ಕೆಂಪೇ, ಕಪ್ಪು ಕಪ್ಪೇ. ಹಾಳೆಯನ್ನು ಪಕ್ಕದಲ್ಲಿ ಹಿಡಿದಾಗ ಮಾತ್ರ ಸೆರಗು ಮುದ್ರಣಕ್ಕಿಂತ ಒಂದು ಕೈ ಹೆಚ್ಚೇ ಕೆಂಪಾಗಿತ್ತು. ಇದು ಮೊದಲಿನದಕ್ಕೆ ತಿರುಗಾಮುರುಗಾ ತೊಂದರೆ: ಪರದೆಯ ವೈಭವ ನೋಡಿ ಬಣ್ಣ ಇಳಿಸುತ್ತ ಹೋದರೆ ಆಲ್ಬಮ್ ಸಪ್ಪೆಯಾಗುತ್ತದೆ. ಸೆಟ್ಟಿಂಗ್ಸಿನಲ್ಲಿ ಎಸ್‌ಆರ್‌ಜಿಬಿಗೆ ಬದಲಿಸಿದ ಮೇಲೆ ಎರಡೂ ಹೊಂದಿಕೊಂಡವು. ಮಂದ ಬೆಳಕಿನಲ್ಲಿ ಈ ಪರದೆಗಳು ಕಣ್ಣಿಗೆ ಕಾಣದಂತೆ ಮಿಟುಕುವುದುಂಟು, ಕೆಲವರಿಗೆ ತಲೆನೋವು ಬರುತ್ತದೆ. ಅದನ್ನು ಬಿಟ್ಟರೆ ಒಳ್ಳೆಯ ಯಂತ್ರ. 16 ಜಿಬಿಯದಕ್ಕೆ ನಮ್ಮ ಅರವತ್ತೂ ಮುಗಿಯುತ್ತಿತ್ತು.

ಬಳಸಿದ ಮ್ಯಾಕ್‌ಬುಕ್ ಏರ್ ಎಂ1 ಕೂಡ ಬಜೆಟ್ಟಿನೊಳಗೆ ಬರುತ್ತದೆ. 2020ರದಾದರೂ ಅದರ ಪರದೆ ಇಂದಿಗೂ ಈ ಬೆಲೆಯ ಹೊಸ ಯಂತ್ರಗಳನ್ನು ನಾಚಿಸುತ್ತದೆ. ಆದರೆ ಪೇಟೆಯಲ್ಲಿ ಸಿಗುವವು ಬಹುಪಾಲು 8 ಜಿಬಿ, 256 ಜಿಬಿಯವು, ಏನನ್ನೂ ಹೆಚ್ಚಿಸಲಾಗದು. ಇನ್ನೊಂದು ತೊಡಕು ನಮ್ಮದೇ. ಹುಬ್ಬಳ್ಳಿಯ ಡಿಸೈನರುಗಳ ಕೈಯಿಂದ ಕೈಗೆ ಹರಿದಾಡುವ ಆಲ್ಬಮ್ ಟೆಂಪ್ಲೇಟುಗಳಲ್ಲಿ ವಧೂವರರ ಹೆಸರು, ಶುಭಾಶಯಗಳೆಲ್ಲ ನುಡಿ, ಬರಹದ ಹಳೆಯ ಫಾಂಟುಗಳಲ್ಲಿವೆ. ಆ ತಂತ್ರಾಂಶಗಳು ಹುಟ್ಟಿದ್ದು ವಿಂಡೋಸಿಗಾಗಿ. ಯೂನಿಕೋಡಿಗೆ ಹೊರಳಿದವರಿಗೆ ಚಿಂತೆಯಿಲ್ಲ. ನಮ್ಮ ಹುಡುಗ ಇನ್ನೂ ಹೊರಳಿಲ್ಲ.

ಹಾದಿ ತೋರಿಸಿದ್ದು ವಿದ್ಯಾನಗರದ ಅದೇ ಅಂಗಡಿಯ ಮೂಲೆಯಲ್ಲಿದ್ದ ಒಂದು ಮಾನಿಟರು. 24 ಇಂಚು, ಐಪಿಎಸ್, 99% ಎಸ್‌ಆರ್‌ಜಿಬಿ, ಒಂಬತ್ತು ಸಾವಿರದ ಆಸುಪಾಸು. ಎಚ್‌ಡಿಎಂಐ ತಂತಿ ಚುಚ್ಚಿ ಫೈಲ್ ತೆರೆದರೆ ಸೆರಗಿನ ತೆನೆಗಳು ಎದ್ದು ಬಂದವು; ಹಾಳೆಗೂ ಅದಕ್ಕೂ ಅಂತರ ಹುಡುಕಬೇಕಾಯಿತು. ಮೂರಡಿ ಅಗಲದ ಆಲ್ಬಮ್ ಹಾಳೆಯನ್ನು ಹದಿನೈದು ಇಂಚಿನಲ್ಲಿ ಕೂಡಿಸುವ ಹಿಂಸೆಯೂ ತಪ್ಪುತ್ತದೆ. ಪರದೆ ಹೊರಗಿನಿಂದ ಬಂದರೆ ಲ್ಯಾಪ್‌ಟಾಪಿನದು ಸಾಧಾರಣ ಇದ್ದರೂ ನಡೆಯುತ್ತದೆ. ಹಾಗಾದರೆ ಲ್ಯಾಪ್‌ಟಾಪೇ ಯಾಕೆ, ಅಸೆಂಬಲ್ ಪಿಸಿ ಸಾಲದೇ ಎಂದು ಅಂಗಡಿಯವರೇ ಕೇಳಿದರು. ನ್ಯಾಯವಾದ ಪ್ರಶ್ನೆ; ಪೇಟೆಯ ಸ್ಟುಡಿಯೊಗಳಿಗೆ ನಾನೂ ಅದನ್ನೇ ಹೇಳುತ್ತೇನೆ. ಹಳ್ಳಿಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಲಗ್ನದ ಮನೆಯಲ್ಲೇ ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿಕೊಳ್ಳಬೇಕಾಗುತ್ತದೆ. ಬ್ಯಾಟರಿ ಬೇಕೇ ಬೇಕು.

ರೈಜನ್ 5 7530ಯು, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ ಇದ್ದ ಲ್ಯಾಪ್‌ಟಾಪು ಮತ್ತು ಆ ಮಾನಿಟರು ಸೇರಿ ಐವತ್ತೊಂಬತ್ತಕ್ಕೆ ಬಂದು ನಿಂತಿತು. ಬಿಲ್ ಹಾಕುವ ಮುನ್ನ ಮಾನಿಟರಿನ ಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಕೆಂಪು ಚಿತ್ರ ಹರಡಿ ಸತ್ತ ಚುಕ್ಕಿಗಳಿವೆಯೇ ಎಂದು ನೋಡಿಕೊಂಡೆವು. ಒಟ್ಟು ಮೊತ್ತದಲ್ಲಿ ಒಂಬತ್ತು ಸಾವಿರ ರೂಪಾಯಿ 18% ಜಿಎಸ್‌ಟಿಯದೇ. ವರ್ಷಕ್ಕೆ ಇಪ್ಪತ್ತು ಲಕ್ಷದೊಳಗಿನ ವಹಿವಾಟಿನವನಾದ್ದರಿಂದ ಇವನು ನೋಂದಣಿ ಮಾಡಿಸಿಲ್ಲ, ಆ ದುಡ್ಡು ಹಿಂದಕ್ಕೆ ಬರುವುದಿಲ್ಲ. ಹುಡುಗ ಅದರ ಬದಲಿಗೆ ಒಂದು ಮೌಸ್ ಕೇಳಿದ, ಕೊಟ್ಟರು.

ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ನಾಲ್ಕು ಜನ ಫೋಟೋಗ್ರಾಫರು ಕೂಡಿ ಕೊಳ್ಳಬೇಕಾದ ವಸ್ತು, ಸದ್ಯಕ್ಕೆ ಲ್ಯಾಬಿನ ಹಾಳೆಯೇ ಆ ಕೆಲಸ ಮಾಡಲಿ. ಉಳಿದದ್ದು ಹಾರ್ಡ್ ಡಿಸ್ಕಿನ ಮಾತು. ಒಂದು ಲಗ್ನಕ್ಕೆ ಮೂರು ಸಾವಿರ ರಾ ಫೈಲ್ ಎಂದರೂ ಎಂಬತ್ತು ಜಿಬಿ. ವಿಂಡೋಸು, ತಂತ್ರಾಂಶ ಕಳೆದರೆ 512ರಲ್ಲಿ ನಾಲ್ಕು ಲಗ್ನ ಹಿಡಿಯುತ್ತವೆ, ಐದನೆಯದಕ್ಕೆ ಜಾಗವಿಲ್ಲ. ತುಳಸಿ ಲಗ್ನದ ನಂತರ ಸೀಜನ್ ಶುರುವಾಗುತ್ತದೆ. ಮೊದಲ ಅಡ್ವಾನ್ಸಿನಲ್ಲಿ ಎರಡು ಟಿಬಿಯದನ್ನು ಕೊಳ್ಳುವುದು, ಎರಡನೆಯದರಲ್ಲಿ ಮಾವನ ಇಪ್ಪತ್ತಕ್ಕೆ ಕೈ ಹಚ್ಚುವುದು ಎಂದು ಹುಡುಗ ಬಸ್ ನಿಲ್ದಾಣದಲ್ಲೇ ಲೆಕ್ಕ ಹಾಕಿಬಿಟ್ಟ.