ಗೆರೆ ಮತ್ತು ಉಂಗುರ



ರಾಮಾಯಣದ ಕಥೆ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಓದು ಬರದ ದಿನಗಳಲ್ಲೂ ನಾವು ಈ ಕಥೆ ಕೇಳಿದ್ದೇವೆ. ಅಜ್ಜಿಯ ಬಾಯಲ್ಲಿ ಕೇಳಿದ್ದೇವೆ. ಬಯಲಾಟದಲ್ಲಿ ನೋಡಿದ್ದೇವೆ. ಬೀಸುವ ಕಲ್ಲಿನ ಮುಂದೆ ಕೂತು ಸೀತಮ್ಮನ ಹಾಡು ಹಾಡಿದವರೂ ಇದ್ದಾರೆ.

ಒಂದು ದಿನ ನಮ್ಮ ರಾತ್ರಿ ಶಾಲೆಯಲ್ಲಿ ಒಬ್ಬ ತಂಗಿ ಕೇಳಿದಳು:

“ಅಕ್ಕಾರ, ನಮ್ಮತ್ತಿ ದಿನಾ ಒಂದು ಮಾತು ಅಂತಾರ. ಸೀತಮ್ಮ ಗೆರಿ ದಾಟಿದ್ಲು, ಅದಕ್ಕ ರಾವಣ ಹೊತ್ಕೊಂಡು ಹೋದ. ನೀನೂ ಕತ್ತಲಾದ ಮ್ಯಾಲೆ ಹೊಸ್ತಿಲಾ ದಾಟಬ್ಯಾಡ ಅಂತಾರ. ನಾ ಏನು ಹೇಳ್ಲಿ?”

ನಮಗೆ ಅಂದು ಉತ್ತರ ಹೊಳೆಯಲಿಲ್ಲ. ಗೆರೆಯ ಕಥೆ ಕೇಳಿಯೇ ನಾವೂ ಬೆಳೆದವರು. ಪುಸ್ತಕ ತೆರೆದು ನೋಡಿದವರಲ್ಲ. ಮರುದಿನ ಗ್ರಂಥಾಲಯದಿಂದ ವಾಲ್ಮೀಕಿ ರಾಮಾಯಣದ ಕನ್ನಡ ಪುಸ್ತಕ ತಂದೆವು. ದಿನಕ್ಕಿಷ್ಟು ಅಂತ ಓದಿದೆವು. ಓದಿದ್ದನ್ನು ಇಲ್ಲಿ ನಿಮಗೆ ಹೇಳುತ್ತೇವೆ.

ಗೆರೆ ಎಲ್ಲಿದೆ?

ವಾಲ್ಮೀಕಿ ತನ್ನ ರಾಮಾಯಣವನ್ನು ಸಂಸ್ಕೃತದಲ್ಲಿ ಹೇಳಿದ. ಅದರಲ್ಲಿ ಸುಮಾರು 24,000 ಶ್ಲೋಕಗಳಿವೆ. 7 ಕಾಂಡಗಳಿವೆ. ಕಾಂಡ ಎಂದರೆ ಭಾಗ. ಸೀತೆಯನ್ನು ಕದ್ದು ಒಯ್ದ ಕಥೆ ಅರಣ್ಯಕಾಂಡದಲ್ಲಿ ಬರುತ್ತದೆ.

ಬಂಗಾರದ ಜಿಂಕೆಯ ಹಿಂದೆ ರಾಮ ಹೋದ. ಆ ಜಿಂಕೆ ಮಾರೀಚ ಎಂಬ ರಾಕ್ಷಸ. ಸಾಯುವಾಗ ಅವನು ರಾಮನ ದನಿಯಲ್ಲಿ ಕೂಗಿದ. ಗಂಡನಿಗೆ ಆಪತ್ತು ಬಂತು ಅಂತ ಸೀತೆಗೆ ದಿಗಿಲಾಯಿತು. ಹೋಗು ಹೋಗು ಎಂದು ಲಕ್ಷ್ಮಣನನ್ನು ಅವಸರ ಮಾಡಿದಳು. ಅವನು ಹೋಗಲು ಒಪ್ಪಲಿಲ್ಲ. ಆಗ ಕಟುವಾದ ಮಾತನ್ನೂ ಆಡಿದಳು. ಮನಸ್ಸಿಲ್ಲದ ಮನಸ್ಸಿನಿಂದ ಲಕ್ಷ್ಮಣ ಹೊರಟ. ವನದೇವತೆಗಳು ನಿನ್ನನ್ನು ಕಾಯಲಿ ಎಂದು ಹೇಳಿ ಹೋದ.

ಅಷ್ಟೇ. ಗೆರೆ ಎಳೆಯಲಿಲ್ಲ. ವಾಲ್ಮೀಕಿಯ ಕಥೆಯಲ್ಲಿ ಆ ಜಾಗದಲ್ಲಿ ಲಕ್ಷ್ಮಣ ರೇಖೆ ಇಲ್ಲವೇ ಇಲ್ಲ. ಅದು ಬಹಳ ಕಾಲದ ನಂತರ ಬೇರೆ ಬೇರೆ ಕವಿಗಳ, ಕಥೆಗಾರರ ಬಾಯಲ್ಲಿ ಸೇರಿಕೊಂಡಿತು.

ಮತ್ತೆ ಏನಾಯಿತು? ರಾವಣ ಸನ್ಯಾಸಿ ವೇಷ ಹಾಕಿ ಬಂದ. ಸೀತೆ ಅವನಿಗೆ ಕೂಡಲು ಮಣೆ ಕೊಟ್ಟಳು. ಕಾಲಿಗೆ ನೀರು ಕೊಟ್ಟಳು. ಊಟಕ್ಕೆ ಕರೆದಳು. ಬಾಗಿಲಿಗೆ ಬಂದವರಿಗೆ ನಾವೂ ಇದನ್ನೇ ಮಾಡುತ್ತೇವೆ. ಹಾಗಾದರೆ ತಪ್ಪು ಯಾರದು? ನೀರು ಕೊಟ್ಟವಳದಾ, ವೇಷ ಹಾಕಿ ಬಂದವನದಾ? ನೀವೇ ಹೇಳಿ.

ಸೀತೆ ಬಿಟ್ಟ ಗುರುತು

ರಾವಣ ಸೀತೆಯನ್ನು ಬಲವಂತವಾಗಿ ರಥದಲ್ಲಿ ಒಯ್ದ. ದಾರಿಯಲ್ಲಿ ಮುದಿ ಹದ್ದು ಜಟಾಯು ಅಡ್ಡ ಬಂತು. ವಯಸ್ಸಾಗಿದ್ದರೂ ಹೋರಾಡಿತು. ರಾವಣ ಅದರ ರೆಕ್ಕೆ ಕತ್ತರಿಸಿದ.

ಸೀತೆ ಅಳುತ್ತಿದ್ದಳು. ಆದರೆ ಬರೀ ಅಳುತ್ತಾ ಕೂಡಲಿಲ್ಲ. ಕೆಳಗೆ ಒಂದು ಬೆಟ್ಟದ ಮೇಲೆ ಐದು ಕಪಿಗಳು ಕಂಡವು. ಕೂಡಲೇ ಮೈಮೇಲಿನ ಒಡವೆ ಬಿಚ್ಚಿದಳು. ಮೇಲುಹೊದಿಕೆಯಲ್ಲಿ ಕಟ್ಟಿ ಆ ಕಪಿಗಳ ನಡುವೆ ಎಸೆದಳು. ಇವರಾದರೂ ರಾಮನಿಗೆ ಸುದ್ದಿ ಹೇಳಲಿ ಎಂಬುದು ಅವಳ ಆಸೆ. ಅಂಥ ಹೊತ್ತಿನಲ್ಲೂ ಎಂಥ ಬುದ್ಧಿ ನೋಡಿ! ರಾವಣನಿಗೆ ಇದು ಗೊತ್ತೇ ಆಗಲಿಲ್ಲ.

ಆ ಕಪಿಗಳಲ್ಲಿ ಒಬ್ಬ ಸುಗ್ರೀವ. ಇನ್ನೊಬ್ಬ ಹನುಮಂತ. ರಾಮ ಅಲ್ಲಿಗೆ ಬಂದಾಗ ಸುಗ್ರೀವ ಆ ಗಂಟನ್ನು ತೋರಿಸಿದ. ಸೀತೆ ಹೋದ ದಾರಿಗೆ ಗುರುತು ಸಿಕ್ಕಿತು.

ಈ ಕಪಿಗಳ ನಾಡು ಕಿಷ್ಕಿಂಧೆ. ಅದು ನಮ್ಮ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಮುತ್ತ ಇತ್ತು ಎಂದು ಜನ ನಂಬುತ್ತಾರೆ. ಅಲ್ಲಿರುವ ಅಂಜನಾದ್ರಿ ಬೆಟ್ಟದಲ್ಲಿ ಹನುಮಂತ ಹುಟ್ಟಿದ ಎನ್ನುತ್ತಾರೆ. ತುಂಗಭದ್ರೆಯ ಆಚೆ ದಡದಲ್ಲಿ ಹಂಪಿ ಇದೆ. ಅಲ್ಲಿ ಸುಗ್ರೀವನ ಗುಹೆ ತೋರಿಸುತ್ತಾರೆ. ಹತ್ತಿರದ ಬಂಡೆಯ ಮೇಲಿನ ಪಟ್ಟೆಗಳನ್ನು ಸೀತೆಯ ಸೆರಗಿನ ಗುರುತು ಎನ್ನುತ್ತಾರೆ. ಹಂಪಿಯ ಹಜಾರರಾಮ ಗುಡಿಯ ಗೋಡೆಗಳ ಮೇಲೆ ರಾಮಾಯಣದ ಕಥೆಯನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಓದು ಬಾರದವರೂ ಅಲ್ಲಿ ನಿಂತು ಕಥೆ ತಿಳಿಯಬಹುದು.

ಉಂಗುರದ ಮೇಲಿನ ಹೆಸರು

ಸುಗ್ರೀವ ನಾಲ್ಕೂ ದಿಕ್ಕಿಗೆ ಕಪಿಗಳನ್ನು ಕಳಿಸಿದ. ಒಂದು ತಿಂಗಳ ಗಡುವು ಕೊಟ್ಟ. ಹನುಮಂತ ದಕ್ಷಿಣಕ್ಕೆ ಹೊರಟ. ರಾಮ ಅವನ ಕೈಗೆ ತನ್ನ ಉಂಗುರ ಕೊಟ್ಟ.

ಸಮುದ್ರದ ದಡದಲ್ಲಿ ಜಟಾಯುವಿನ ಅಣ್ಣ ಸಂಪಾತಿ ಸಿಕ್ಕಿತು. ಸೀತೆ ಲಂಕೆಯಲ್ಲಿದ್ದಾಳೆ ಎಂದು ತಿಳಿಸಿತು. ಸಮುದ್ರ ಹಾರುವವರು ಯಾರು? ಎಲ್ಲರೂ ಹಿಂದೆ ಮುಂದೆ ನೋಡಿದರು. ಮುದುಕ ಜಾಂಬವಂತ ಹನುಮಂತನಿಗೆ ಅವನ ಶಕ್ತಿಯನ್ನು ನೆನಪು ಮಾಡಿಕೊಟ್ಟ. ಹನುಮಂತ ಹಾರಿದ.

ಅಶೋಕವನದಲ್ಲಿ ಸೀತೆ ಕಂಡಳು. ಆದರೆ ಮಾತಾಡಿಸುವುದು ಹೇಗೆ? ಪಂಡಿತರ ಸಂಸ್ಕೃತದಲ್ಲಿ ಮಾತಾಡಿದರೆ, ಇವನೂ ರಾವಣನೇ ಅಂತ ಸೀತೆ ಹೆದರುತ್ತಾಳೆ. ಹೀಗೆ ಯೋಚಿಸಿ ಹನುಮಂತ ಸಾಮಾನ್ಯ ಜನ ಆಡುವ ಮಾತಿನಲ್ಲಿ ರಾಮನ ಕಥೆ ಹೇಳಿದ. ಸೀತೆಗೆ ಆಗಲೂ ಅನುಮಾನ. ಒಮ್ಮೆ ವೇಷಕ್ಕೆ ಮೋಸ ಹೋದವಳಲ್ಲವೇ?

ಆಗ ಹನುಮಂತ ಉಂಗುರ ಕೊಟ್ಟ. ಅದರ ಮೇಲೆ ರಾಮನ ಹೆಸರು ಕೆತ್ತಿತ್ತು. ಮದುವೆಯ ಪಾತ್ರೆಗಳ ಮೇಲೆ ನಾವು ಹೆಸರು ಹಾಕಿಸುತ್ತೇವಲ್ಲ, ಹಾಗೆ. ಸೀತೆ ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಗಂಡನೇ ಎದುರಿಗೆ ಬಂದಷ್ಟು ಸಂತೋಷಪಟ್ಟಳು. ತನ್ನ ಚೂಡಾಮಣಿಯನ್ನು ಗುರುತಿಗೆ ಕೊಟ್ಟು ಕಳಿಸಿದಳು.

ಗೆರೆಯ ಕಥೆ ಎಲ್ಲರಿಗೂ ಗೊತ್ತು. ಅದು ವಾಲ್ಮೀಕಿಯಲ್ಲಿ ಇಲ್ಲ. ಉಂಗುರದ ಮೇಲೆ ಹೆಸರಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಅದು ವಾಲ್ಮೀಕಿಯಲ್ಲಿ ಇದೆ.

ಮುಂದೆ ನಲ ಎಂಬ ಕಪಿಯ ಮುಂದಾಳತ್ವದಲ್ಲಿ ಐದು ದಿನಗಳಲ್ಲಿ ಸೇತುವೆ ಕಟ್ಟಿದರು. ಯುದ್ಧ ನಡೆಯಿತು. ರಾವಣ ಸತ್ತ. ಬಿಡುಗಡೆಯಾದ ಮೇಲೂ ಸೀತೆ ಬೆಂಕಿಗೆ ಇಳಿದು ಬರಬೇಕಾಯಿತು. ಆ ಮಾತನ್ನು ಇನ್ನೊಂದು ದಿನ ಕೂತು ಓದೋಣ.

ಅಳಿಲೂ ಸೇರಿಕೊಂಡಿತು

ಕಥೆಗೆ ಹೊಸದು ಸೇರಿಸುವುದೇ ತಪ್ಪು ಎನ್ನುತ್ತೀರಾ? ಹಾಗಲ್ಲ. ಸೇತುವೆಗೆ ಮರಳು ತಂದ ಅಳಿಲಿನ ಕಥೆಯೂ ವಾಲ್ಮೀಕಿಯಲ್ಲಿ ಇಲ್ಲ. ಆಮೇಲೆ ಯಾರೋ ಸೇರಿಸಿದರು. ಅದರಿಂದ ನಮಗೆ ‘ಅಳಿಲು ಸೇವೆ’ ಎಂಬ ಚೆಂದದ ಮಾತು ಸಿಕ್ಕಿತು.

ರಾಮಾಯಣವನ್ನು ಬಹಳ ಜನ ಹೇಳಿದ್ದಾರೆ. ಈಗಿನ ವಿಜಯಪುರ ಜಿಲ್ಲೆಯ ತೊರವೆಯಲ್ಲಿ ಕುಮಾರ ವಾಲ್ಮೀಕಿ ಕನ್ನಡದಲ್ಲಿ ಹೇಳಿದ. ಕುಂಬಾರರ ಮನೆಯ ಹೆಣ್ಣುಮಗಳು ಮೊಲ್ಲ ತೆಲುಗಿನಲ್ಲಿ ಬರೆದಳು. 1949ರಲ್ಲಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಬಂತು. ಎಲ್ಲರೂ ಒಂದೇ ರೀತಿ ಹೇಳಿಲ್ಲ. ತಮ್ಮ ತಮ್ಮ ಮನಸ್ಸಿಗೆ ಕಂಡಂತೆ ಹೇಳಿದ್ದಾರೆ.

ಅದಕ್ಕೇ ನಾವು ಕೇಳಬೇಕು. ಈ ಮಾತು ಎಲ್ಲಿದೆ? ಯಾರು ಸೇರಿಸಿದರು? ಯಾರನ್ನು ತಡೆಯಲು ಇದನ್ನು ಈಗ ಹೇಳುತ್ತಿದ್ದಾರೆ? ಕೇಳಬೇಕಾದರೆ ಓದು ಬರಬೇಕು.

ಆ ತಂಗಿ ಇದನ್ನೆಲ್ಲ ಬರೆದುಕೊಂಡು ಹೋದಳು. ರಾತ್ರಿ ಅತ್ತೆಯ ಪಕ್ಕ ಕೂತು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳಂತೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ದರಂತೆ. ಆಮೇಲೆ ಅಂದರಂತೆ:

“ಆ ಉಂಗುರದ್ದು ಇನ್ನೊಮ್ಮೆ ಓದು.”

ಕೂಡಿ ಮಾತಾಡೋಣ

1. ರಾವಣ ಒಯ್ಯುವಾಗ ಸೀತೆ ಯಾವ ಗುರುತು ಬಿಟ್ಟಳು? ಏಕೆ?
2. ಸೀತೆಯನ್ನು ಹುಡುಕಲು ಯಾವ ಯಾವ ಪ್ರಾಣಿ, ಪಕ್ಷಿಗಳು ನೆರವಾದವು?
3. ‘ಗೆರೆ ದಾಟಬೇಡ’ ಎಂಬ ಮಾತನ್ನು ನಿಮಗೆ ಯಾರು, ಯಾವಾಗ ಹೇಳಿದ್ದರು?
4. ನಿಮ್ಮ ಮನೆಯ ಪಾತ್ರೆಗಳ ಮೇಲೆ ಯಾರ ಹೆಸರಿದೆ? ಓದಿ, ಇಲ್ಲಿ ಬರೆಯಿರಿ.